ಲಂಗೋಟಿ ತೊಳೆಯಲು ಕಲಿಸಿದವರು

ಕಾಕಾ ಅವರ ಕೈ ಈಗ ಕೈಯ ಬಣ್ಣಕ್ಕೇ ಬಂದಿದೆಯಂತೆ. ಲಿಂಗಂಪಲ್ಲಿಯಿಂದ ಅವರ ಮಗಳು ಮೊನ್ನೆ ಫೋನಿನಲ್ಲಿ ನಗುತ್ತ ಹೇಳಿದಳು. ದಿಲ್‌ಸುಖ್‌ನಗರದ ಬಣ್ಣದ ಅಂಗಡಿ ಮುಚ್ಚಿ ಅವರು ಮಗಳ ಮನೆ ಸೇರಿ ಎರಡು ತಿಂಗಳಾಯಿತು. ನಾನು ನೋಡಿದಂತೆ ಆ ಕೈ ಸೋಮವಾರ ರಾಣಿ ಬಣ್ಣ, ಮಂಗಳವಾರ ಗಿಳಿಹಸಿರು, ಬುಧವಾರ ಹೆಸರಿಡಲಾಗದ ಇನ್ನೊಂದು. ಪ್ರಸಾದಕ್ಕೆ ಕೈ ಒಡ್ಡಿದರೆ ಕೊಡುವವರು ಒಂದು ಕ್ಷಣ ತಡೆಯುತ್ತಿದ್ದರು. ಮಗಳು ಫೋನನ್ನು ಅವರಿಗೆ ಕೊಟ್ಟಳು. "ನೀಲಿ ಯಾವ್ದು, ಹಸರು ಯಾವ್ದು, ಕಣ್ಣಿಗೆ ಫರಕ್ ತಿಳೀವಲ್ದು ತಮ್ಮಾ. ಮಂದಿ ಸೀರಿ ಕೆಡಸೂಕಿಂತ ಮೊದಲ ಬಿಟ್ಟುಬಿಟ್ಟೆ. ಭಾಳ ಆರಾಮ ಆತು," ಎಂದರು. ಧ್ವನಿಯಲ್ಲಿ ನಿಜವಾಗಿಯೂ ಆರಾಮವಿತ್ತು. ನನ್ನ ಎದೆಯೂ ಹಗುರಾಯಿತು. ಆ ವಯಸ್ಸಿನಲ್ಲಿ ಅವರು ಕುದಿಯುವ ಪಾತ್ರೆಯ ಮುಂದೆ ದಿನವಿಡೀ ನಿಲ್ಲುವುದನ್ನು ನೋಡಲು ನನಗೆ ಕಷ್ಟವಾಗುತ್ತಿತ್ತು.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಬೈಸಿಕೊಳ್ಳುವವನು ನಾನು. ಬಜಾರಿನವರಿಗೆ ಅವರು ರಂಗ್‌ವಾಲೇ ಚಾಚಾ, ನಮ್ಮ ಮನೆಯಲ್ಲಿ ಬರೀ ಕಾಕಾ.

ಸೀರೆ ಅಂಗಡಿಗಳ ಹಿಂದಿನ ಸಂದಿಯಲ್ಲಿ ಅವರದೊಂದು ಗೂಡು. ಇಬ್ಬರು ಒಳಗೆ ನಿಂತರೆ ಮೂರನೆಯವರು ಚರಂಡಿ ದಾಟಿ ನಿಲ್ಲಬೇಕು. ಎರಡು ಸ್ಟೋವು, ನಾಲ್ಕು ಪಾತ್ರೆ, ತುದಿ ಸವೆದ ಒಂದು ಕೋಲು. ರವಿಕೆ ಬಟ್ಟೆ, ದುಪ್ಪಟ್ಟಾ, ಸೀರೆಯ ಫಾಲು ತಂದವರಿಗೆ ಕಣ್ಣೆದುರೇ ಬೇಕಾದ ಬಣ್ಣ ಹಾಕಿ ಹಿಂಡಿ ಕೊಡುವುದು ಕೆಲಸ. ತೆಲುಗಿನವರೊಂದಿಗೆ ತೆಲುಗು, ಹಳೇ ಬಸ್ತಿಯವರೊಂದಿಗೆ ಹಿಂದಿ, ನನ್ನೊಂದಿಗೆ ಶಹಾಬಾದ ಕಡೆಯ ಕನ್ನಡ. ಮೂರೂ ಭಾಷೆಗಳಲ್ಲಿ ಅವರು ಮಾತಾಡುತ್ತಿದ್ದುದು ಕಡಿಮೆಯೇ.

ಒಮ್ಮೆ ಒಬ್ಬ ಹೆಣ್ಣುಮಗಳು ಸೀರೆಗೂ ರವಿಕೆಗೂ ಬಣ್ಣ ಕೂಡಿಲ್ಲವೆಂದು ಜಗಳಕ್ಕೆ ನಿಂತಳು. ಕಾಕಾ ಎರಡನ್ನೂ ಬಿಸಿಲಿಗೆ ಹಿಡಿದು ತೋರಿಸಿದರು. ಬಿಸಿಲಿನಲ್ಲಿ ಕೂಡಿತ್ತು. ಗೆದ್ದವರು ಅಲ್ಲಿಗೆ ಬಿಡಬೇಕಲ್ಲ, ಇವರು ಬಿಡಲಿಲ್ಲ. ಮದುವೆ ಎಲ್ಲಿ ಎಂದು ಕೇಳಿದರು. ಫಂಕ್ಷನ್ ಹಾಲಿನಲ್ಲಿ, ರಾತ್ರಿ ಎಂದಳು. "ಹಂಗಾರ ನಿಮ್ಮ ಮಾತ ಖರೆ," ಎಂದು ರವಿಕೆಯನ್ನು ಒಳಗೆ ತಂದು, ಟ್ಯೂಬ್‌ಲೈಟಿನ ಕೆಳಗೆ ಇಟ್ಟು, ಮತ್ತೆ ಬಣ್ಣಕ್ಕೆ ಹಾಕಿದರು. ಅವಳೇ ಪೆಚ್ಚಾದಳು.

ಮನುಷ್ಯರ ಮುಖ ಅವರ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಮೊದಲು ಬಟ್ಟೆ ನೋಡುತ್ತಿದ್ದರು, ಸಮಯ ಉಳಿದರೆ ಮುಖ. ನನ್ನ ಭಾವಮೈದುನ ನಾಲ್ಕು ಸಲ ಭೇಟಿಯಾಗಿ, ಐದನೆಯ ಸಲ "ನಾನು ಗೊತ್ತಾದೆನೇನ್ರಿ" ಎಂದು ಕೇಳಿದಾಗ, "ಆ ಬಿಳಿ ಅಂಗಿ ಅಲ್ಲೇನ್ರಿ? ನೀಲ ಭಾಳ ಹಾಕಿಸಿದ್ರಿ," ಎಂದಿದ್ದರು. ಅವನಿಗೆ ಇವತ್ತಿಗೂ ಸಿಟ್ಟಿದೆ.

ನನ್ನ ಪರಿಚಯವೂ ಬಟ್ಟೆಯಿಂದಲೇ ಆದದ್ದು. ನಾವು ಅವರಿದ್ದ ಕಟ್ಟಡದ ಎರಡನೇ ಮಹಡಿಯಲ್ಲಿದ್ದೆವು, ಅವರು ನೆಲಮಾಳಿಗೆಯ ಪಕ್ಕದ ಒಂದು ಕೋಣೆಯಲ್ಲಿ ಒಬ್ಬರೇ. ಮೂರು ವರ್ಷ ಮೆಟ್ಟಿಲಲ್ಲಿ ನಮಸ್ಕಾರಕ್ಕಿಂತ ಹೆಚ್ಚಿನ ಮಾತಿಲ್ಲ. ಆಮೇಲೆ ನಮ್ಮ ಮಗಳು ಹುಟ್ಟಿದಳು. ತಿಂಗಳು ತುಂಬಲು ಆರು ವಾರ ಇರುವಾಗಲೇ ಬಂದುಬಿಟ್ಟಳು. ಹೆಂಡತಿ ವಿದ್ಯಾ ತವರಿಗೆ ಹೋಗಲು ಕಟ್ಟಿಟ್ಟಿದ್ದ ಚೀಲ ಹಾಗೆಯೇ ಉಳಿಯಿತು. ಕೂಸು ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ದಿನಗಳನ್ನು ಕಳೆದು ಮನೆಗೆ ಬಂದಾಗ ನನ್ನ ಮೊಣಕೈಯಿಂದ ಅಂಗೈಗೆ ಸರಿಯಾಗಿ ಹಿಡಿಸುತ್ತಿತ್ತು. ಕಳಿಸುವಾಗ ಡಾಕ್ಟರಮ್ಮ ಎರಡು ಮಾತು ಹೇಳಿದ್ದರು. ಮೈಗೆ ಎಣ್ಣೆ, ಅರಿಶಿನ, ಹಿಟ್ಟು ಏನೂ ಹಚ್ಚಬಾರದು. ಮಲದಲ್ಲಿ ರಕ್ತ ಕಂಡರೆ ಹಾಲು ನಿಲ್ಲಿಸಿ ಕೂಡಲೇ ಕರೆತರಬೇಕು, ತಿಂಗಳು ತುಂಬದ ಕೂಸಿನ ಕರುಳು ಬಹಳ ನಾಜೂಕು. ಆ ಎರಡನೆಯ ಮಾತು ಹೇಳುವಾಗ ಅವರು ನಮ್ಮಿಬ್ಬರನ್ನೂ ನೋಡಿ ಎರಡು ಸಲ ಹೇಳಿದರು.

ಬಾಣಂತನಕ್ಕೆ ರಾಯಚೂರಿನಿಂದ ನನ್ನ ಅವ್ವ ಬಂದಳು, ಜೊತೆಗೆ ಅಪ್ಪನ ಹಳೆಯ ಧೋತರಗಳ ಒಂದು ಗಂಟು. ಅಂಗಡಿಯ ಪ್ಯಾಕೆಟ್ಟಿನ ಡೈಪರು ಕೂಸಿನ ತೊಡೆಗೆ ಗುಳ್ಳೆ ಎಬ್ಬಿಸಿತ್ತು. ಧೋತರ ಹರಿದು ಅವ್ವ ಮೂವತ್ತು ಲಂಗೋಟಿ ಮಾಡಿದಳು. ಅವಳ ಸೊಂಟ ಬಗ್ಗುವಂತಿರಲಿಲ್ಲ, ವಿದ್ಯಾಳ ಹೊಲಿಗೆ ಮಾಗಿರಲಿಲ್ಲ. ಲಂಗೋಟಿ ತೊಳೆಯುವ ಖಾತೆ ನನಗೆ ಬಂತು.

ನಾನು ಕೋಠಿಯ ಕಡೆ ಒಂದು ಕಚೇರಿಯಲ್ಲಿ ಗುಮಾಸ್ತ. ನನ್ನ ಕರ್ಚೀಫನ್ನೂ ತೊಳೆದವನಲ್ಲ. ಮೊದಲ ದಿನ ಶಾಸ್ತ್ರೋಕ್ತವಾಗಿ ಕುದಿಯುವ ನೀರು ಸುರಿದು, ಪುಡಿ ಸುರಿದು, ತಿಕ್ಕಿ ತಿಕ್ಕಿ ತಾರಸಿಯಲ್ಲಿ ಒಣಹಾಕಿದೆ. ಒಂದೊಂದರ ಮೇಲೂ ಹಳದಿ ನಕಾಶೆ ಹಾಗೆಯೇ ಕೂತಿತ್ತು. ಪಕ್ಕದ ತಾರಸಿ ಕೋಚಿಂಗ್ ಹುಡುಗರ ಹಾಸ್ಟೆಲಿನದು. ಅವರು ಪುಸ್ತಕ ಹಿಡಿದು ಓಡಾಡುತ್ತ ನನ್ನ ನಕಾಶೆಗಳನ್ನು ಓದುತ್ತಿದ್ದರು.

ಹಿಂದಿನಿಂದ ಯಾರೋ ಒಂದು ಲಂಗೋಟಿಯ ಅಂಚು ಹಿಡಿದರು. ಕಾಕಾ. ಅವತ್ತು ಕೈ ನೇರಳೆ.

"ಬಿಸಿನೀರ ಹಾಕಿದ್ರೇನು?"

"ಹೂಂ."

"ಅದಕ್ಕ ಇದು ಮನಿ ಮಾಡೇತಿ ನೋಡ್ರಿ. ತಣ್ಣೀರಾಗ ಬರ್ತಿತ್ತು, ತಣ್ಣೀರಾಗ ಹೋಗ್ತಿತ್ತು. ಕುದಿಸಿ ನೀವ ಕುಂಡ್ರಿಸಿದ್ರಿ."

ಮರುದಿನ ಬೆಳಿಗ್ಗೆ ಅಂಗಡಿಗೆ ಹೋಗುವ ಮೊದಲು ಅವರೇ ತಾರಸಿಗೆ ಬಂದರು. ಮೊದಲು ತಣ್ಣೀರು, ಕೈಯಿಂದ ಜಾಡಿಸುವುದು, ತಿಕ್ಕುವಂತಿಲ್ಲ. ಆಮೇಲೆ ಒಂದು ಚಿಟಿಕೆ ಸಾಬೂನು, ಅರ್ಧ ಗಂಟೆ ನೆನೆಸುವುದು. ಆಮೇಲೆ ನೀರು ತಿಳಿಯಾಗುವವರೆಗೆ ಜಾಲಿಸುವುದು. "ಈ ನೀರ ನೀವು ಕುಡೀತೀರೇನು?" ಎಂದು ಕೇಳುತ್ತಿದ್ದರು. ಇಲ್ಲ ಎಂದರೆ ಇನ್ನೊಂದು ಬಕೆಟ್ಟು. ಕೊನೆಗೆ ಪೂರ್ತಿ ಹಿಂಡದೆ, ಹಸಿಯಾಗಿಯೇ ಹತ್ತು ಗಂಟೆಯ ಬಿಸಿಲಿಗೆ. ಕೂಸಿನ ಹಳದಿಯನ್ನು ತೆಗೆಯುವುದು ಸಾಬೂನಲ್ಲ, ಹಸಿ ಬಟ್ಟೆಯ ಮೇಲೆ ಬೀಳುವ ಬಿಸಿಲು ಎಂದರು. ನಾನು ನಂಬಲಿಲ್ಲ. ಮಧ್ಯಾಹ್ನ ಹೋಗಿ ನೋಡಿದರೆ ನಕಾಶೆಗಳು ಮಾಸಿ ಹೋಗಿದ್ದವು, ಎರಡು ಹಠಮಾರಿಗಳನ್ನು ಬಿಟ್ಟು.

ಕಲೆ ಎಂಬ ಮಾತನ್ನು ಅವರು ಬಳಸುತ್ತಲೇ ಇರಲಿಲ್ಲ. "ಮೊದಲ ಯಾರು ಬಂದಾರ ಅಂತ ಕೇಳ್ರಿ. ಎಣ್ಣಿ ಏನು, ಹಾಲೇನು, ರಗತೇನು. ಹೆಸರ ತಿಳಕೊಂಡು ಆಮ್ಯಾಲ ಕಳಸ್ರಿ. ಹೆಸರ ಕೇಳದ ಹೊಡದ್ರ ಅರಿಬಿಗೆ ಪೆಟ್ಟು," ಎನ್ನುತ್ತಿದ್ದರು. ಇಷ್ಟೆಲ್ಲ ಹೇಗೆ ಗೊತ್ತು ಎಂದು ಒಮ್ಮೆ ಕೇಳಿದೆ. ಮಗಳು ಹುಟ್ಟಿದಾಗ ಅವರ ಹೆಂಡತಿ ಆರು ತಿಂಗಳು ಹಾಸಿಗೆ ಹಿಡಿದಿದ್ದರಂತೆ. "ಹಗಲೆಲ್ಲ ಮಂದಿ ಅರಿಬಿಗೆ ಬಣ್ಣ ಹಾಕೂದು, ಸಂಜಿಗೆ ನನ್ನ ಕೂಸಿನ ಅರಿಬಿದು ತಗಿಯೂದು," ಎಂದು ನಕ್ಕರು. ಹೆಂಡತಿಯ ಬಗ್ಗೆ ಮತ್ತೇನೂ ಹೇಳಲಿಲ್ಲ.

ಅವರು ಇಷ್ಟು ಕಲಿಸಿದ ಮೇಲೂ ನನಗೆ ತೃಪ್ತಿಯಿರಲಿಲ್ಲ. ನನ್ನ ಸ್ವಭಾವವೇ ಅಷ್ಟು. ಅವರು ಹೇಳಿದ್ದು ಶುಭ್ರ, ನನಗೆ ಬೇಕಾದದ್ದು ಬಿಳುಪು. ಹಾಸ್ಟೆಲಿನ ಹುಡುಗರ ಕಣ್ಣು ಕೋರೈಸಬೇಕು. ಒಂದು ದಿನ ಕಿರಾಣಿ ಅಂಗಡಿಯಿಂದ ಬಟ್ಟೆ ಸೋಡಾ ತಂದೆ. ಕೂಸಿನ ಚರ್ಮಕ್ಕೆ ಸೋಡಾ ಬ್ಯಾಡ ಎಂದು ಕಾಕಾ ಮೊದಲೇ ಹೇಳಿದ್ದರಿಂದ ಪೊಟ್ಟಣವನ್ನು ಬಚ್ಚಲಿನ ಗೂಡಿನಲ್ಲಿ ಪಾತ್ರೆ ತಿಕ್ಕುವ ಪುಡಿಯ ಹಿಂದೆ ಅಡಗಿಸಿಟ್ಟೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಅದು ಒಂದು ಭಾನುವಾರ. ಬೆಳಿಗ್ಗೆಯ ಲಂಗೋಟಿಗಳನ್ನು ಸೋಡಾ ನೀರಿನಲ್ಲಿ ಹಾಕಿ, ಚಹಾ ಕುಡಿದು, ಪೇಪರು ಓದಿ ಬಂದು ಬಕೆಟ್ಟು ನೋಡಿದೆ. ಮೂರು ಲಂಗೋಟಿಗಳ ನಟ್ಟನಡುವೆ ಕೆಂಪು. ಒತ್ತಿ ಹಿಡಿದ ಅಂಗೈಯಷ್ಟು ಅಗಲ, ಗಾಢ ಕೆಂಪು.

ನಾನು ಕೂಗಿದೆನೋ ಏನೋ, ವಿದ್ಯಾ ಹೊಲಿಗೆಯ ನೋವನ್ನೂ ಮರೆತು ಓಡಿಬಂದಳು. ನೋಡಿದ ಕೂಡಲೇ ಹೋಗಿ ಅವ್ವನ ತೊಡೆಯ ಮೇಲಿದ್ದ ಕೂಸನ್ನು ಎತ್ತಿಕೊಂಡಳು. ಆಗ ಹಾಲಿನ ಹೊತ್ತು. ಕೂಸು ಬಾಯಿ ತೆರೆದು ಎದೆ ಹುಡುಕುತ್ತಿತ್ತು. ಡಾಕ್ಟರಮ್ಮ ಹೇಳಿದ್ದು ಹಾಲು ನಿಲ್ಲಿಸಿ ಎಂದು. ವಿದ್ಯಾ ಸೆರಗು ಬಿಗಿದುಕೊಂಡು ಕೂಸನ್ನು ಹೆಗಲಿಗೆ ಹಾಕಿಕೊಂಡಳು. ಅದು ಅಳಲು ಶುರು ಮಾಡಿತು. ಅಷ್ಟು ಸಣ್ಣ ಮೈಯಿಂದ ಅಷ್ಟು ಅಳು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಅವ್ವ ದೇವರ ಗೂಡಿನ ಮುಂದೆ ನಿಂತು ಏನನ್ನೋ ಬೇಡಿಕೊಳ್ಳುತ್ತಿದ್ದಳು. ನಾನು ಮೂರು ಲಂಗೋಟಿಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿದೆ, ಆಟೋಗೆ ಫೋನು ಮಾಡಿದೆ. ಈ ಕೂಸು ಕೈಬಿಟ್ಟು ಹೋದರೆ ನಾನು ಉಳಿಯುವುದಿಲ್ಲ ಎಂದು ಸ್ಪಷ್ಟವಾಗಿ ಅನಿಸಿತು.

ಎಲ್ಲರೂ ಕೆಳಗಿಳಿದಾಗ ಬಾಗಿಲಲ್ಲಿ ಕಾಕಾ ನಿಂತಿದ್ದರು. ಅಳು ಕೇಳಿ ಬಂದಿದ್ದರು. ಏನಾಯಿತು ಎಂದು ಅವರು ಕೇಳುವ ಮೊದಲೇ ವಿದ್ಯಾ, "ಕೂಸಿಗೆ ರಗತ ಹೋಗಾಕತ್ತೇತ್ರಿ ಕಾಕಾ," ಎಂದಳು. ಅವರ ಮುಖ ಬಿಗಿಯಿತು. ಆದರೂ ಕಣ್ಣು ನನ್ನ ಕೈಯ ಚೀಲಕ್ಕೆ ಹೋಯಿತು.

"ಆಟೋ ಬರೂತನಕ ಅದನ್ನ ತೋರಸ್ರಿ."

ಚೀಲ ಬಿಚ್ಚಿ ಒಂದು ಲಂಗೋಟಿ ತೆಗೆದು ಬೆಳಕಿಗೆ ಹಿಡಿದರು. ಎರಡು ಬೆರಳ ನಡುವೆ ಹೊಸೆದರು.

"ಕೂಸಿನ ಮೈಮ್ಯಾಲಿಂದ ತಗದಾಗ ಯಾವ ಬಣ್ಣ ಇತ್ತು?"

ಬೆಳಿಗ್ಗೆ ಲಂಗೋಟಿ ಬದಲಿಸಿದವಳು ಅವ್ವ. ಅವಳು, "ಹಳದಿ ಇತ್ತಪಾ. ದಿನಾ ಇದ್ದಾಂಗ," ಎಂದಳು.

"ಬಕೆಟ್ಟಿನ್ಯಾಗ ಏನು ಹಾಕಿದ್ರಿ ತಮ್ಮಾ?"

"ಸಾಬೂನು," ಎಂದೆ. ಅವರು ಸುಮ್ಮನೆ ನನ್ನತ್ತ ನೋಡಿದರು. ಬಹುಶಃ ಅವರು ನನ್ನ ಮುಖ ಸರಿಯಾಗಿ ನೋಡಿದ್ದು ಅದೇ ಮೊದಲ ಸಲ. "ಸೋಡಾ," ಎಂದೆ.

ವಿದ್ಯಾ ನನ್ನತ್ತ ತಿರುಗಿ ಬೀರಿದ ನೋಟವನ್ನು ನಾನಿಲ್ಲಿ ವರ್ಣಿಸಲಾರೆ.

ಕಾಕಾ ಅವ್ವನ ಕಡೆ ತಿರುಗಿದರು. ನೀವು ಏನಾದರೂ ಹಚ್ಚಿದಿರಾ ಎಂದು ಕೇಳಲಿಲ್ಲ. ಬಹಳ ಮೆತ್ತಗೆ, "ಅಮ್ಮಾರ, ಮದುವ್ಯಾಗ ಕೆಂಪ ಆರತಿ ನೀರು ನೀವು ಹ್ಯಾಂಗ ಮಾಡತೀರಿ?" ಎಂದರು.

"ಹ್ಯಾಂಗಂದ್ರ, ಅರಿಷಿಣದಾಗ ಒಂದೀಟು ಸುಣ್ಣ..." ಅವ್ವ ಅಲ್ಲಿಗೇ ನಿಂತಳು. ಬಾಯಿಗೆ ಸೆರಗು ಹೋಯಿತು. ಕೂಸಿನ ತೊಡೆಯ ಸಂದಿ ಕೆಂಪಾಗಿತ್ತೆಂದು, ಡಾಕ್ಟರಿಗೆ ಏನು ತಿಳಿಯುತ್ತದೆಂದು, ಸೊಸೆ ಮಲಗಿದ್ದಾಗ ಅವಳು ಎರಡು ದಿನದಿಂದ ಅರಿಶಿನ ಹಚ್ಚುತ್ತಿದ್ದಳು. ಅಷ್ಟು ಮದುವೆಗಳಲ್ಲಿ ಆರತಿ ನೀರು ಕಲಸಿದ ಕೈ ಅದು. ಸುಣ್ಣ ಮಾಡುವ ಕೆಲಸವನ್ನು ನನ್ನ ಸೋಡಾ ಮಾಡಿತ್ತು. ತಾಯಿ ಮಗ ಇಬ್ಬರೂ ಕದ್ದು ಮಾಡಿದ ಎರಡು ಕೆಲಸ ಒಂದು ಬಕೆಟ್ಟಿನಲ್ಲಿ ಭೇಟಿಯಾಗಿದ್ದವು.

ಕಾಕಾ ತಮ್ಮ ಕೋಣೆಗೆ ಹೋಗಿ ಲಿಂಬೆಹಣ್ಣು ತಂದು, ಅರ್ಧ ಮಾಡಿ ಕೆಂಪಿನ ಮೇಲೆ ಹಿಂಡಿದರು. ರಸ ಬಿದ್ದಲ್ಲೆಲ್ಲ ಕೆಂಪು ಹೋಗಿ ನಮ್ಮ ಕಣ್ಣೆದುರೇ ಹಳದಿಯಾಯಿತು. ಎರಡನೆಯದೂ ಆಯಿತು. ವಿದ್ಯಾ ಅಳುತ್ತ ನಗಲು ಶುರು ಮಾಡಿದಳು. ಮೂರನೆಯದಕ್ಕೆ ಹಿಂಡಿದರು. ಕೆಂಪು ಹಳದಿಯಾಯಿತು, ಆದರೆ ಅಂಚಿನಲ್ಲಿ ಹೆಬ್ಬೆರಳಿನಷ್ಟು ಕಂದು ಬಣ್ಣ ಹಾಗೆಯೇ ಉಳಿಯಿತು. ಮತ್ತೆ ಹಿಂಡಿದರು. ಅದು ಅಲ್ಲಾಡಲಿಲ್ಲ.

ಅವರು ಬಹಳ ಹೊತ್ತು ಅದನ್ನೇ ನೋಡಿದರು. "ಇದು ಯಾರು ಅಂತ ನನಗ ತಿಳೀವಲ್ದು," ಎಂದರು.

ಕೂಸು ಅತ್ತು ಅತ್ತು ಗಂಟಲು ಒಣಗಿ ಕೀರಲಾಗಿತ್ತು. ವಿದ್ಯಾ ಹೋಗಿ ಕಾಕಾ ಮುಂದೆ ನಿಂತಳು. "ಅರಿಷಿಣ ಅಂತ ಆತಲ್ರಿ ಕಾಕಾ. ಅದೊಂದು ಸಣ್ಣದು. ಒಂದೀಟು ಹಾಲು ಕುಡಸಲೇನ್ರಿ? ನೀವು ಹೂಂ ಅನ್ರಿ ಸಾಕು."

ಅಂಥ ಹೊತ್ತಿನಲ್ಲಿ ಯಾರಾದರೂ ಹೂಂ ಎಂದುಬಿಡುತ್ತಿದ್ದರು. ನಾನಂತೂ ಎನ್ನುತ್ತಿದ್ದೆ. ಅಷ್ಟು ದಿನ ನನ್ನ ಪ್ರತಿ ಪ್ರಶ್ನೆಗೂ ಉತ್ತರವಿದ್ದ ಮನುಷ್ಯ ಅವರು. ಕೂಸಿನ ಬಾಯಿ ನೋಡಿದರು, ಕಣ್ಣು ತಗ್ಗಿಸಿದರು. "ಅರಿಬಿ ನನಗ ತಿಳೀತೈತಿ ತಂಗಿ, ಕೂಸು ತಿಳಿಯಂಗಿಲ್ಲ. ಡಾಕ್ಟರು ಅನ್ಲಿ. ನಡೀರಿ, ನಾನೂ ಬರ್ತೀನಿ." ಆಟೋ ಬಂದಿತ್ತು. ಚಾಲಕನ ಪಕ್ಕದಲ್ಲಿ ಒಂದು ತೊಡೆ ಹೊರಗಿಟ್ಟು ಕೂತರು, ಕೈಯಲ್ಲಿ ಆ ಮೂರನೆಯ ಲಂಗೋಟಿ.

ಅವರ ಬಗ್ಗೆ ಯೋಚಿಸಿದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಆ ಮಾತು. ಲಿಂಬೆಯ ಚಮತ್ಕಾರ ಶಾಲೆಯ ಮಾಸ್ತರರೂ ತೋರಿಸಿಯಾರು. ಎರಡು ಗೆದ್ದ ಮೇಲೆ ಮೂರನೆಯದು ತಿಳಿಯದು ಎನ್ನುವುದು, ಅದೂ ಹಸಿದ ಕೂಸಿನ ತಾಯಿ ಎದುರು ನಿಂತಿರುವಾಗ, ಬೇರೆ ಯಾರಿಂದಲೂ ಆದೀತೆಂದು ನನಗೆ ಅನಿಸುವುದಿಲ್ಲ. ಆಮೇಲೆ ನಾನು ಕಚೇರಿಯಲ್ಲಿ, ಮನೆಯಲ್ಲಿ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎನ್ನುವುದನ್ನು ರೂಢಿ ಮಾಡಿಕೊಳ್ಳಲು ನೋಡಿದ್ದೇನೆ. ಹತ್ತರಲ್ಲಿ ಮೂರು ಸಲ ಸಾಧ್ಯವಾಗುತ್ತದೆ. ಅತ್ತೆ ಸೊಸೆಯ ನಡುವೆ ಅರಿಶಿನದ ಲಡಾಯಿ ಮುಂದೆ ಒಂದು ವಾರ ನಡೆಯಿತು. ಸೋಡಾದ ಲಡಾಯಿ ಇನ್ನೂ ನಡೆದಿದೆ. ಮಗಳು ಈಗ ಮೂರನೇ ಇಯತ್ತೆ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೂಸಿನ ಹೊಟ್ಟೆಯನ್ನು ಎರಡು ಬೆರಳಿನಿಂದ ಒತ್ತಿ ಒತ್ತಿ ನೋಡಿದರು. ಸ್ಟೆತಸ್ಕೋಪು ಇಟ್ಟು ಬಹಳ ಹೊತ್ತು ಕೇಳಿದರು. ಕೂಸು ಆಗಲೇ ಸಮಯ ನೋಡಿ ಅವರ ಮೇಜಿನ ಮೇಲೆ ಹೊಸ ಸರಕು ಕೊಟ್ಟಿತು, ಸಾಸಿವೆಯ ಹಳದಿ. ಅದನ್ನು ಪರೀಕ್ಷೆಗೆ ಒಯ್ದರು. ನಾವು ಕಾಯುತ್ತ ಕೂತೆವು. ಯಾರೂ ಯಾರನ್ನೂ ಬೈಯಲಿಲ್ಲ. ಕೂಸು ಅಳುವುದನ್ನು ನಿಲ್ಲಿಸಿ ಬರೀ ತುಟಿ ಆಡಿಸುತ್ತಿತ್ತು, ಅದು ಅಳುವುದಕ್ಕಿಂತ ಕೆಟ್ಟದಾಗಿತ್ತು.

ರಕ್ತವಿಲ್ಲ ಎಂದು ಬಂತು. ಮೂರನೆಯ ಲಂಗೋಟಿಯನ್ನು ಡಾಕ್ಟರಮ್ಮ ತಿರುಗಿಸಿ ನೋಡಿ, ಕಬ್ಬಿಣಾಂಶದ ಹನಿ ಔಷಧಿ ದಿನಾ ಹಾಕುತ್ತಿದ್ದೀರಲ್ಲ, ಅದು ಬಾಯಿಂದ ಸೋರಿದಾಗ ಇದರಲ್ಲೇ ಒರೆಸಿರಬೇಕು ಎಂದರು. ಅವ್ವ ಹೌದೆಂದು ತಲೆಯಾಡಿಸಿದಳು. ನಾವೆಲ್ಲ ಉಸಿರು ಬಿಟ್ಟೆವು. ಕಾಕಾ ಮಾತ್ರ ಹಣೆ ಚಚ್ಚಿಕೊಂಡರು. "ಕಬ್ಬಿಣ. ನಲವತ್ತು ವರ್ಷ ಕಪ್ಪು ಬಣ್ಣಕ್ಕ ಕಬ್ಬಿಣ ಹಾಕೇನಿ, ನನಗ ಹೊಳೀಲಿಲ್ಲ ನೋಡ್ರಿ." ನಮ್ಮ ಸಂತೋಷದ ನಡುವೆ ಅವರೊಬ್ಬರು ಪರೀಕ್ಷೆಯಲ್ಲಿ ನಪಾಸಾದವರಂತೆ ನಿಂತಿದ್ದರು.

"ಏಮೀ ಲೇದಮ್ಮಾ, ಪಾಲು ಇವ್ವು," ಎಂದು ಡಾಕ್ಟರಮ್ಮ ತೆಲುಗಿನಲ್ಲಿ ವಿದ್ಯಾಳ ಬೆನ್ನು ತಟ್ಟಿದರು. ಏನೂ ಇಲ್ಲ, ಹಾಲು ಕೊಡು. ವಿದ್ಯಾ ಕೋಣೆ ಹುಡುಕಲಿಲ್ಲ. ಪಡಸಾಲೆಯ ಮೂಲೆಯ ಬೆಂಚಿನಲ್ಲೇ ಕೂತಳು, ಅವ್ವ ತನ್ನ ಸೆರಗು ಹಿಡಿದು ಮರೆ ಮಾಡಿದಳು. ಕಾಕಾ ಪಟ್ಟನೆ ಬೆನ್ನು ತಿರುಗಿಸಿ ಗೋಡೆಗೆ ಮುಖ ಮಾಡಿ ನಿಂತರು. ಗೋಡೆಯ ಮೇಲೆ ಲಸಿಕೆಗಳ ಪಟ್ಟಿಯೊಂದಿತ್ತು, ತೆಲುಗಿನಲ್ಲಿ. ಅದನ್ನೇ ಓದುವವರಂತೆ ನಿಂತರು. ಅವರಿಗೆ ತೆಲುಗು ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ.



"ಕುಡ್ಯಾಕತ್ತಾಳೇನ್ರಿ?" ಎಂದು ಗೋಡೆಯನ್ನು ಕೇಳಿದರು.

"ಇನ್ನೂ ಇಲ್ಲಪಾ," ಎಂದಳು ಅವ್ವ. ಅವರ ಹೆಗಲು ಬಿಗಿಯಿತು.

ಆಮೇಲೆ ಆ ಸದ್ದು ಬಂತು. ಒಂದು ಗುಟುಕು, ನಡುವೆ ಒಂದು ಬಿಕ್ಕು, ಮತ್ತೆ ಗುಟುಕು, ಮತ್ತೆ, ಮತ್ತೆ. ಯಾರೂ ಹೇಳಬೇಕಾಗಿರಲಿಲ್ಲ. ಕಾಕಾ ತಲೆಯನ್ನು ಮುಂದಕ್ಕೆ ಬಾಗಿಸಿ ಹಣೆಯನ್ನು ಗೋಡೆಗೆ ಒರಗಿಸಿದರು. ಕೂಸು ಹೊಟ್ಟೆ ತುಂಬಿ ನಿದ್ದೆ ಹೋಗುವವರೆಗೆ ಅಲ್ಲಿಂದ ಅಲ್ಲಾಡಲಿಲ್ಲ.